ಚಕ್ಕುಬಂದಿ

ಹಾಸನದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೆ
ಮೂರು ಕಾಲಿನ ಮೇಜು, ನಾಲ್ಕನೆಯದಕ್ಕೆ ಇಟ್ಟಿಗೆ,
ಮೇಲೆ ನನ್ನ ಟೈಪ್‌ರೈಟರು.
ನಲವತ್ತು ವರ್ಷ ಊರಿನ ಪತ್ರ ಬರೆದೆ.
ದೇಶದ ಸಂಗತಿ ನನಗೆ ಮುಟ್ಟಿದ್ದು
ಛಾಪಾ ಕಾಗದದ ಬೆಲೆ ಏರಿದಾಗ.

ಕ್ಯಾಂಟೀನಿನಲ್ಲಿ ಈಗ ಮತ್ತೆ ಅದೇ ಮಾತು:
ಎಲ್ಲರಿಗೂ ಒಂದೇ ಕಾನೂನು, ಬೇಕು, ಬೇಡ.
ಚಹಾಕ್ಕೆ ಬನ್ನು ಅದ್ದುವಷ್ಟರಲ್ಲಿ ಎರಡು ಪಕ್ಷ.
ನೀವೇನಂತೀರಿ ಗೌಡ್ರೇ? ಎಂದ
ಹೊಸ ಕರಿಕೋಟಿನ ಹುಡುಗ.
ಪತ್ರ ಬರೆಯುವವನಪ್ಪಾ ನಾನು,
ಮೊದಲು ಚಕ್ಕುಬಂದಿ ಹೇಳು.

ಪೂರ್ವಕ್ಕೆ, ಅಜ್ಜನ ಕಾಲ.
ಮೂವತ್ತಮೂರರಲ್ಲಿ ಮೈಸೂರು ಸರ್ಕಾರ
ಹೆಂಗಸರ ಹಕ್ಕಿಗೆಂದು ಕಾಯಿದೆ ತಂದಿತು.
ಬ್ರಿಟಿಷ್ ಸೀಮೆಯ ವಿಧವೆ
ಇನ್ನೂ ನಾಲ್ಕು ವರ್ಷ ಕಾಯಬೇಕಿತ್ತು.
ಅಜ್ಜ ಗೆಜೆಟ್ಟು ಓದಿದ, ಮಡಿಸಿದ,
ಅಟ್ಟದ ಮೇಲೆ ಬಚ್ಚಿಟ್ಟ.
ಅಜ್ಜಿಗೆ ಓದು ಬರುತ್ತಿರಲಿಲ್ಲ;
ಆದರೂ.

ಪಶ್ಚಿಮಕ್ಕೆ, ದಿಲ್ಲಿ.
ನಲವತ್ತೆಂಟರ ನವೆಂಬರಿನ ಚಳಿಯಲ್ಲಿ ದೊಡ್ಡವರ ಸಭೆ,
ಧರ್ಮ ಎಲ್ಲಿ ಮುಗಿದು ಮನೆ ಎಲ್ಲಿ ಶುರುವೆಂದು
ಮಾತಿಗೆ ಮಾತು. ಕೊನೆಗೆ ಉಳಿದದ್ದು
ನಲವತ್ತನಾಲ್ಕನೆಯ ಕಲಮು:
ರಾಜ್ಯವು ಪ್ರಯತ್ನಿಸತಕ್ಕದ್ದು.
ಪ್ರಯತ್ನಿಸತಕ್ಕದ್ದು!
ಹೊಲ ಬಿಟ್ಟುಕೊಡಲು ಪ್ರಯತ್ನಿಸುತ್ತೇನೆಂದು
ಕ್ರಯಪತ್ರ ಬರೆದು ಒಳಗೆ ಕಳಿಸು ನೋಡೋಣ,
ಸಾಹೇಬರು ಮುಖಕ್ಕೆ ಎಸೆಯುತ್ತಾರೆ.
ಹಿಂದೂ ಸಂಹಿತೆಯೂ ಇಡಿಯಾಗಿ ಗಂಟಲಿಳಿಯದೆ
ನಾಲ್ಕು ಕಾಯಿದೆಗಳಾಗಿ ಒಳಗೆ ಹೋಯಿತು,
ಮಗುವಿಗೆ ಮಾತ್ರೆ ಮುರಿದು ಕೊಟ್ಟ ಹಾಗೆ.

ಉತ್ತರಕ್ಕೆ, ಎಂಬತ್ತಾರು.
ಎಲ್ಲೋ ಒಬ್ಬ ಮುದುಕಿ ಜೀವನಾಂಶ ಗೆದ್ದಿದ್ದಳು,
ಇಲ್ಲಿ ಮೆರವಣಿಗೆ.
ಬೆಳಿಗ್ಗೆ ಬಂದವರು ಒಂದೇ ಕಾನೂನು ತನ್ನಿ ಎಂದು,
ಮಧ್ಯಾಹ್ನ ಬಂದವರು ನಮ್ಮದು ಮುಟ್ಟಬೇಡಿ ಎಂದು
ಮನವಿ ಹೊಡೆಸಿದರು.
ಅದೇ ರಿಬ್ಬನ್ನು, ಅದೇ ಸೊಟ್ಟ ಹಕಾರ,
ಮೂರು ಪ್ರತಿಗೆ ಆರು ರೂಪಾಯಿ.
ಎರಡರ ಕೆಳಗೂ ಸಾಲು ಸಹಿ, ಎಲ್ಲ ಗಂಡಸರದ್ದು.
ಪೆನ್ಷನ್ ಮೊಹಲ್ಲಾದ ಜೈತೂನ್‌ಬಿ
ಬೆಂಚಿನ ತುದಿಯಲ್ಲಿ ಕಾದಿದ್ದಳು.
ಅವಳದು ಒಂದೇ ಹಾಳೆ, ಬಿಟ್ಟುಹೋದ ಗಂಡನ ಮೇಲೆ,
ತಿಂಗಳಿಗೆ ಎಂಬತ್ತು.
ಯಾವ ಕಾನೂನಿನಡಿ ಬರೆಯಲಮ್ಮ?
ಮಗು ಏಳೋ ಹೊತ್ತಾಯ್ತು, ಬೇಗ ಹೊಡೀರಿ, ಎಂದಳು.

ದಕ್ಷಿಣಕ್ಕೆ, ಸಾಲಗಾಮೆ ಹೋಬಳಿಯಲ್ಲಿ
ನನ್ನದೇ ಆಲೂಗಡ್ಡೆ ಹೊಲ.
ತೊಂಬತ್ತನಾಲ್ಕರಲ್ಲಿ ಬೆಂಗಳೂರು ಹೇಳಿತು:
ಮಗಳಿಗೂ ಪಾಲು, ಮೊದಲೇ ಮದುವೆಯಾದವಳಿಗಿಲ್ಲ.
ನಾನು ನಿಟ್ಟುಸಿರು ಬಿಟ್ಟೆ.
ಎರಡು ಸಾವಿರದ ಐದರಲ್ಲಿ ದಿಲ್ಲಿ ಆ ಸಾಲನ್ನು ಅಳಿಸಿತು.
ಮರುವರ್ಷ ತಂಗಿ ಸಣ್ಣತಾಯಿಗೆ ಫೋನು ಮಾಡಿಸಿದೆ,
ಬಂದು ಹೋಗು, ಒಂದು ಸಹಿ.

ಬಂದಳು, ಮಡಿಲಲ್ಲಿ ನನ್ನ ಮಕ್ಕಳಿಗೆ ಚಕ್ಕುಲಿ.
ಹೊಡೆದೆ: ಸದರಿ ಸ್ವತ್ತಿನಲ್ಲಿ ನನಗಿರುವ ಸಕಲ ಹಕ್ಕನ್ನು
ಅರಿಶಿನ ಕುಂಕುಮದ ಬಾಬ್ತು ಐದು ಸಾವಿರ ಪಡೆದು
ಯಾರ ಒತ್ತಾಯವೂ ಇಲ್ಲದೆ
ಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ.
ಕೈ ನಡುಗಲಿಲ್ಲ, ಅಭ್ಯಾಸ.
ಏನು ಬರ್ದಿದ್ದೀಯ ಅಣ್ಣ, ಓದು?
ಅದೇ ಕಣವ್ವ, ಎಲ್ಲರದ್ದೂ ಇರೋ ಹಾಗೇ.

ಎಲ್ಲರದ್ದೂ ಇರೋ ಹಾಗೇ.
ನೋಡು ವಕೀಲಾ, ಅಲ್ಲೇ ಇತ್ತು ನಿನ್ನ ಒಂದೇ ಕಾನೂನು,
ನನ್ನ ಯಂತ್ರದೊಳಗೆ, ಯಾವ ಸಂಸತ್ತಿಗೂ ಹೋಗದೆ.
ಗೌಡರ ತಂಗಿಗೆ, ಸಾಬರ ತಂಗಿಗೆ,
ಬಸದಿ ಬೀದಿಯ ತಂಗಿಗೆ, ಇಗರ್ಜಿಯ ತಂಗಿಗೆ
ಒಂದೇ ಒಕ್ಕಣೆ;
ಕುಂಕುಮವಿರುವಲ್ಲಿ ಕೆಲವೊಮ್ಮೆ ಬಳೆ ಎಂದು ತಿದ್ದಿದ್ದೇನೆ.

ಹುಡುಗ ಲೋಟ ಕೆಳಗಿಟ್ಟ.
ಅಲ್ಲ, ಆದರೆ ಬೇಕೋ ಬೇಡವೋ ಹೇಳಲಿಲ್ಲ ನೀವು.
ಗೊತ್ತಿಲ್ಲಪ್ಪ.
ಈಚೆಗೆ ಮಾತ್ರ ಗಟ್ಟಿಯಾಗಿ ಓದಿ ಹೇಳುತ್ತೇನೆ.
ಅಣ್ಣತಮ್ಮಂದಿರು ಗಡಿಯಾರ ನೋಡುತ್ತಾರೆ.
ಮೊನ್ನೆ ಆಲೂರು ಕಡೆಯವಳೊಬ್ಬಳು
ನಡುವೆ ಕೈಯೆತ್ತಿ ತಡೆದಳು:
ಎಷ್ಟು ಗುಂಟೆ ಅಂದ್ರಿ?
ಮತ್ತೆ ಮೊದಲಿಂದ ಓದಿದೆ.